ಮಾಹಿತಿ ಇರುವುದಿಲ್ಲ

ಚೆಂಡುಹೂವಿನ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಹೂವಿನ ತಪ್ಪೇನಿಲ್ಲ. ಮೊನ್ನೆ ಗುಂಡ್ಲುಪೇಟೆಯಿಂದ ಊರಿಗೆ ಹೋಗುವಾಗ ರಸ್ತೆಯ ಎರಡೂ ಬದಿ ಹೊಲ ಹಳದಿಯಾಗಿತ್ತು. ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು, ಹೂವಿನ ನಡುವೆ ಜನ ಕೈ ಅಗಲಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆಗಷ್ಟೇ ಮಳೆ ನಿಂತಿತ್ತು. ಒದ್ದೆ ಹೂವಿನ ಆ ಕಹಿ ಘಾಟು ಹೆಲ್ಮೆಟ್ಟಿನೊಳಗೆ ನುಗ್ಗಿದ್ದೇ ಬೈಕು ನಿಲ್ಲಿಸಿಬಿಟ್ಟೆ. ಹಿಂದೆ ಕೂತಿದ್ದ ಹೆಂಡತಿ, "ಯಾಕ್ರೀ, ಬಿ.ಪಿ. ಮಾತ್ರೆ ಮರ್ತ್ ಬಂದ್ರಾ?" ಎಂದಳು.

ನಾನು ಮಾತ್ರೆ ಮರೆಯುವ ಪೈಕಿಯಲ್ಲ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬಸ್‌ಸ್ಟ್ಯಾಂಡಿನ ತನಕ ಹೋಗಿ, ವಾಪಸು ಬಂದು ನಾಲ್ಕನೇ ಸಲ ಎಳೆಯುವವನು. ಐವತ್ತೆರಡು ವರ್ಷ ಚಿಂತೆ ಮಾಡುವುದನ್ನೇ ಕಸುಬು ಮಾಡಿಕೊಂಡಿದ್ದೇನೆ, ನಡುನಡುವೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಇಂಥ ನಾನು ಮೂರು ವರ್ಷದ ಹಿಂದಿನ ಮುಂಗಾರಿನಲ್ಲಿ ಚಿಂತೆ ಮಾಡಲೇಬೇಕಾದ ಒಂದೇ ಒಂದು ವಿಷಯವನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಚಿಂತೆ ಮಾಡಿದೆ.

ನಮ್ಮೂರು ಮುತ್ತುಗಾಲ, ಮದ್ದೂರು ಕಡೆಯ ಕಾಡಿನಂಚಿನಲ್ಲಿದೆ. ದೊಡ್ಡಬೀದಿಯಲ್ಲಿ ವಿಭೂತಿ ಹಚ್ಚುವ ನಾವು. ಕೆಳಗಿನ ಬೀದಿಯಲ್ಲಿ ನಮ್ಮ ಹೊಲಗಳಿಗೆ ಕೂಲಿಗೆ ಬರುತ್ತಿದ್ದ, ಈಗ ನಾಲ್ಕಾರು ಜನ ಸಂಬಳದ ಕೆಲಸ ಹಿಡಿದಿರುವ ಮನೆಗಳು. ಹುಣಸೆ ತೋಪಿನ ಪಕ್ಕ ಉರ್ದು ಮಾತಾಡುವ ನಾಲ್ಕು ಮನೆ. ಕಲ್ಲು ಒಡೆಯಲು ಬಂದು ಉಳಿದ ತಮಿಳರದು ಆರು. ಶುಂಠಿ ಬೆಳೆಯಲು ವಯನಾಡಿನಿಂದ ಬಂದು, ಶುಂಠಿ ಕೊಳೆತ ಮೇಲೂ ವಾಪಸು ಹೋಗುವುದನ್ನು ಮರೆತ ಕುಂಜುಮೋನನ ಟೀ ಅಂಗಡಿ. ಎಲ್ಲಕ್ಕಿಂತ ಆಚೆ, ಆನೆ ದಾಟದಂತೆ ತೋಡಿದ ಟ್ರೆಂಚಿಗೆ ಅಂಟಿಕೊಂಡು ಕಾಡುಕುರುಬರ ಹಾಡಿ, ಇಪ್ಪತ್ತು ಚಿಲ್ಲರೆ ಮನೆ. ಇಷ್ಟೂ ಜನಕ್ಕೆ ಒಂದೇ ನೀರಿನ ಟ್ಯಾಂಕು. ಜಗಳ ಐದು ಭಾಷೆಯಲ್ಲಿ ಶುರುವಾಗುತ್ತದೆ, ಬೈಗುಳದ ಹೊತ್ತಿಗೆ ಎಲ್ಲರೂ ಕನ್ನಡಕ್ಕೆ ಬರುತ್ತಾರೆ.

ಆ ವರ್ಷ ಜೂನಿನಲ್ಲಿ ಪಂಚಾಯ್ತಿಯವರು ಊರಿನ ಪರಂಪರೆಯ ಬಗ್ಗೆ ಒಂದು ಪುಸ್ತಕ ತರುವುದೆಂದು ತೀರ್ಮಾನ ಮಾಡಿದರು. ಅಧ್ಯಕ್ಷ ರುದ್ರಣ್ಣ ನನ್ನ ದೊಡ್ಡಪ್ಪನ ಮಗ. ಶಾಲೆಗೇ ಬಂದ.

"ಏನ್ಲಾ ಮೇಷ್ಟ್ರೆ, ಇಸ್ಕೂಲಲ್ಲಿ ಸುಮ್ನೆ ಕೂತಿದ್ದೀಯಲ್ಲ, ಊರಿನ್ ಚರಿತ್ರೆ ಬರ್ದುಬುಡು."

"ಎಷ್ಟು ಪುಟ?"

"ಇಪ್ಪತ್ನಾಕು. ಶ್ರಾವಣದಲ್ಲಿ ದೊಡ್ಡೋರು ಬತ್ತಾರೆ, ಬಿಡುಗಡೆ ಮಾಡ್ಸನ. ಮೊದ್ಲು ನಾಕ್ ಪುಟ ಫೋಟೊ ಇರ್ಲಿ. ನಂದು ಕಲರ್‌ನಲ್ಲಿ ಬರ್ಬೇಕು ಕಣ್ಲಾ."

ಅಂದಿನಿಂದ ನನಗೆ ನಿದ್ದೆ ಹೋಯಿತು. ಬರುವ ದೊಡ್ಡವರ ಹೆಸರಿನ ಹಿಂದೆ ಸನ್ಮಾನ್ಯ ಹಾಕುವುದೋ ಗೌರವಾನ್ವಿತ ಹಾಕುವುದೋ. ಮುಖಪುಟಕ್ಕೆ ನಮ್ಮ ಗುಡಿಯ ಚಿತ್ರ ಹಾಕಿದರೆ ಕೆಳಗಿನ ಬೀದಿಯವರು ಏನಂದಾರು, ಹಾಕದಿದ್ದರೆ ನಮ್ಮ ಬೀದಿಯವರು ಏನಂದಾರು. ಕೊನೆಗೆ ನೀರಿನ ಟ್ಯಾಂಕಿನ ಚಿತ್ರ ಹಾಕಿಸಿದೆ. ಪ್ರೆಸ್ಸಿನವನು ಜುಲೈ ಇಪ್ಪತ್ತರೊಳಗೆ ಬರಹ ಕೊಡಬೇಕೆಂದಿದ್ದ. ಇಪ್ಪತ್ತೊಂದಕ್ಕೆ ಕೊಟ್ಟರೆ ಏನಾದೀತು ಎಂಬ ಯೋಚನೆಯಲ್ಲೇ ಎರಡು ಕೆಜಿ ಇಳಿದೆ.

ಬೀದಿ ಬೀದಿ ಸುತ್ತಿ ಬರೆದುಕೊಂಡೆ. ನಮ್ಮ ಬೀದಿಯವರು ಎರಡು ದಿನ ಬಿಡದೆ ಹೇಳಿದರು. ನಮ್ಮ ಅಜ್ಜನ ತಮ್ಮ ಹರೆಯದಲ್ಲೇ ವೈರಾಗ್ಯ ತಳೆದು ಕಾಶಿಗೆ ಹೋಗಿ ಮರಳಲಿಲ್ಲ ಎಂಬುದಕ್ಕೇ ಮುಕ್ಕಾಲು ಪುಟ ಹೋಯಿತು. ತಮಿಳರ ಮನೆಯ ಹಿರಿಯ, ಊರಿನ ಯಾವ ಯಾವ ಹೊಸಿಲು ತನ್ನಪ್ಪ ಕಡೆದದ್ದೆಂದು ಬಾಗಿಲಿಂದ ಬಾಗಿಲಿಗೆ ನನ್ನನ್ನು ಎಳೆದಾಡಿದ. ಕುಂಜುಮೋನ್ ಮಾತ್ರ ಗ್ಲಾಸು ತೊಳೆಯುತ್ತ, "ನಂದೇನ್ ಪರಂಪರೆ ಮಾಷೆ? ಬಸ್ಸಲ್ಲಿ ಬಂದೆ. ಸೀಟ್ ಸಿಕ್ಕಿರ್ಲಿಲ್ಲ. ಅದ್ನ ಬರ್ಕೊಳ್ಳಿ," ಎಂದ.

ಹಾಡಿಗೆ ಹೋದದ್ದು ಕೊನೆಗೆ. ಪುನರ್ವಸು ಮಳೆ ಹಿಡಿದುಕೊಂಡಿತ್ತು. ಹಾಡಿಯ ಹಿರಿಯಳು ಕೇತಜ್ಜಿ, ರುದ್ರಣ್ಣನ ಹೊಲದಲ್ಲಿ ಬೆಳಗಿನಿಂದ ಚೆಂಡುಹೂವು ಕಿತ್ತು ಆಗಷ್ಟೇ ಬಂದಿದ್ದಳು. ಬೆರಳೆಲ್ಲ ಹಳದಿ ಅಂಟು, ಸೀರೆಯೆಲ್ಲ ಅದೇ ಘಾಟು. ನಾನು ಚಿಕ್ಕವನಿದ್ದಾಗ ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದವಳು. ಜನರೆದುರಿಗೆ ಮೇಷ್ಟ್ರೆ ಅನ್ನುತ್ತಾಳೆ, ಯಾರೂ ಇಲ್ಲದಾಗ ಕೂಸೆ ಅನ್ನುತ್ತಾಳೆ. ಅವಳ ಮೊಮ್ಮಗಳು ಮಾದೇವಿ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಅಂಗನವಾಡಿ ಸಹಾಯಕಿ. ನನಗೆ ಕೂರಲು ಚೀಲ ಹಾಸಿಕೊಟ್ಟಳು.

ನಾನು ಕಾಗದ ನೆನೆಯದಂತೆ ತೊಡೆಯ ಮೇಲಿಟ್ಟುಕೊಂಡು ಕೇಳಿದೆ: "ಅಜ್ಜಿ, ನೀವು ಮೊದಲು ಇದ್ದದ್ದೆಲ್ಲಿ? ನಿಮ್ಮ ಹಿರಿಯರನ್ನ ಮಣ್ಣು ಮಾಡಿರೋದು ಎಲ್ಲಿ?"

ಕೇತಜ್ಜಿ ಒಲೆಯ ಕಡೆ ತಿರುಗಿದಳು. "ಗೊತ್ತಿಲ್ಲ ಕಣ ಕೂಸೆ."

"ಗೊತ್ತಿಲ್ಲ ಅಂದ್ರೆ?"

"ಈಗ ಗೊತ್ತಿಲ್ಲ. ಹೊಸ ರಾಗಿ ಬರ್ಲಿ. ಆಗ ಕೇಳು."

ಇದನ್ನು ಓದುವ ನಿಮಗೆ ಅರ್ಥವಾಗದಿದ್ದರೆ ತಪ್ಪಿಲ್ಲ. ನನಗೆ ಅರ್ಥವಾಗಿತ್ತು. ಬೇರೆ ಹಾಡಿಗಳಲ್ಲಿ ಹೇಗೋ ಕಾಣೆ, ನಮ್ಮೂರ ಹಾಡಿಯವರು ಮೊದಲ ಮಳೆ ಬಿದ್ದಂದಿನಿಂದ ಹೊಸ ರಾಗಿ ಮನೆಗೆ ಬರುವವರೆಗೆ ಸತ್ತವರ ಹೆಸರಾಗಲಿ, ಅವರನ್ನು ಮಣ್ಣು ಮಾಡಿದ ಜಾಗವನ್ನಾಗಲಿ ಬಾಯಿ ಬಿಟ್ಟು ಹೇಳುವುದಿಲ್ಲ. ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. ನಾನು ಆರು ವರ್ಷದವನಿದ್ದಾಗ, ಕಳೆಗೆ ಬಂದ ಹೆಂಗಸೊಬ್ಬಳನ್ನು ನಿನ್ನ ಗಂಡ ಎಲ್ಲಿ ಎಂದು ಕೇಳಿದ್ದಕ್ಕೆ ನಮ್ಮವ್ವ ನನ್ನ ಕಿವಿ ಹಿಂಡಿದ್ದಳು. "ಮಣ್ಣು ಹಸಿ ಅದೆ ಕಣ್ಲಾ. ಹೆಸರಿಡಿದು ಕರದ್ರೆ ಎದ್ದು ಬತ್ತಾರೆ. ಮಲಗಿರೋರ್ನ ಎಬ್ಬುಸ್ಬಾರ್ದು." ಊರಿನ ಎಲ್ಲ ಬೀದಿಯ ಮಕ್ಕಳಿಗೂ ಈ ಕಿವಿ ಹಿಂಡಿಸಿಕೊಂಡ ನೆನಪಿದೆ. ಸುಗ್ಗಿಯಾದ ಮೇಲೆ ಒಂದು ದಿನ ಹೊಸ ರಾಗಿಯ ಮುದ್ದೆ ಎಡೆಯಿಟ್ಟು, ಬೆಟ್ಟದ ಕಡೆ ಮುಖ ಮಾಡಿ, ಹಾಡಿಯವರು ಎಲ್ಲ ಹೆಸರನ್ನೂ ಒಂದೊಂದಾಗಿ ಕರೆಯುತ್ತಾರೆ.

ಪ್ರೆಸ್ಸಿನವನು ರಾಗಿಯ ತನಕ ಕಾಯುತ್ತಾನೆಯೇ? ರುದ್ರಣ್ಣನಿಗೆ ಫೋನ್ ಮಾಡಿದೆ. "ಪುಟ ಖಾಲಿ ಬುಟ್ರೆ ಚೆನ್ನಾಗಿರಲ್ಲ ಕಣ್ಲಾ. ಅವ್ಳು ಏನಂದ್ಲೋ ಅದ್ನೇ ಬರ್ದುಬುಡು," ಎಂದ. ನಾನು ಬರೆದೆ. ಹದಿನಾಲ್ಕನೇ ಪುಟದಲ್ಲಿದೆ: "ಈ ಜನಾಂಗದವರಿಗೆ ತಮ್ಮ ಮೂಲ ನೆಲೆ ಹಾಗೂ ಹಿರಿಯರ ಸಮಾಧಿ ಸ್ಥಳದ ಬಗ್ಗೆ ಯಾವುದೇ ಮಾಹಿತಿ ಇರುವುದಿಲ್ಲ." ಇಲ್ಲ ಅಂತ ಬರೆದಿದ್ದರೂ ಆಗುತ್ತಿತ್ತು. ಇರುವುದಿಲ್ಲ ಅಂತ ಬರೆದು, ವಾಕ್ಯಕ್ಕೆ ಒಂದು ಸರ್ಕಾರಿ ಗತ್ತು ಬಂತಲ್ಲ ಅಂತ ಖುಷಿಪಟ್ಟೆ. ಈಗಲೂ ಅದು ನೆನಪಾದರೆ ಹಲ್ಲು ಕಚ್ಚಿಕೊಳ್ಳುತ್ತೇನೆ. ದಂತವೈದ್ಯರು ಕಾರಣ ಕೇಳಿದರು.

ಶ್ರಾವಣದಲ್ಲಿ ಬಿಡುಗಡೆಯಾಯಿತು. ದೊಡ್ಡವರು ಬಂದರು, ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೊಗೆ ನಿಂತರು, ತೆಗೆದು ನೋಡದೆ ಹೋದರು. ಹಾಡಿಯ ಹೆಂಗಸರಿಗೆ ಸೊಪ್ಪು ಕಟ್ಟಿಸಿ ಕುಣಿಸಿದರು. ಸೊಪ್ಪು ಕಟ್ಟುವುದು ಅವರಲ್ಲಿ ಇಲ್ಲವೇ ಇಲ್ಲ, ಅದು ರುದ್ರಣ್ಣ ಟಿ.ವಿ.ಯಲ್ಲಿ ನೋಡಿದ್ದು. ಅವರ ಕಥೆಗೆ ನಾನು ಕೊಟ್ಟದ್ದು ಒಂದು ವಾಕ್ಯ, ಕುಣಿತಕ್ಕೆ ಪಂಚಾಯ್ತಿ ಕೊಟ್ಟದ್ದು ಹದಿನೈದು ನಿಮಿಷ. ಶಾಲು ಹೊದೆಸಿದಾಗ ನಾನು ಬಗ್ಗಿದೆ. ತುಂಬ ಬಗ್ಗಿದೆ, ಕನ್ನಡಕ ಬಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಇದು ಕೆಟ್ಟ ಪುಸ್ತಕ ಬರೆದವನ ಗೋಳು ಅಷ್ಟೇ ಆಗಿರುತ್ತಿತ್ತು. ಆದರೆ ಆ ವರ್ಷದ ಬೇಸಿಗೆಯಲ್ಲೇ, ಪುಸ್ತಕದ ಸುದ್ದಿಗೂ ಮೊದಲು, ಮಾದೇವಿ ಹಾಡಿಯವರ ಪರವಾಗಿ ಒಂದು ಅರ್ಜಿ ಹಾಕಿದ್ದಳು. ಟ್ರೆಂಚಿನ ಆಚೆ, ಕಾಡಿನೊಳಗೆ ಒಂದು ಇಳಿಜಾರಿದೆ. ಅವರ ಸತ್ತವರೆಲ್ಲ ಇರುವುದು ಅಲ್ಲಿ. ಟ್ರೆಂಚು ಬಂದ ಮೇಲೆ ಅಲ್ಲಿಗೆ ಹೋಗಲು ಯಾರ ಯಾರನ್ನೋ ಬೇಡಬೇಕು, ಹೊಸದಾಗಿ ಮಣ್ಣು ಮಾಡಲಂತೂ ಬಿಡುವುದಿಲ್ಲ. ಆ ಜಾಗ ನಮ್ಮದೆಂದು ಒಪ್ಪಿಕೊಳ್ಳಿ, ಸತ್ತಾಗ ಹೋಗಲು ಬಿಡಿ ಎಂಬುದಷ್ಟೇ ಅರ್ಜಿ. ಕೇತಜ್ಜಿಯ ಗಂಡ ಅಲ್ಲಿದ್ದಾನೆ. ಅವಳಿಗೆ ಎಂಬತ್ತು ದಾಟಿತ್ತು. ಅವನ ಪಕ್ಕ ಹೋಗಬೇಕು ಎಂಬುದೊಂದೇ ಅವಳ ಆಸೆ. ಬೇಸಿಗೆಯಲ್ಲೇ ಬನ್ನಿ, ತೋರಿಸುತ್ತೇವೆ, ಹೆಸರೂ ಹೇಳುತ್ತೇವೆ ಎಂದು ಅರ್ಜಿಯಲ್ಲಿ ಬರೆದಿದ್ದರು. ಬೇಸಿಗೆಯಲ್ಲಿ ಯಾರೂ ಬರಲಿಲ್ಲ. ವಿಚಾರಣೆಗೆ ಬನ್ನಿ ಎಂದು ಕರೆ ಬಂದದ್ದು ಭಾದ್ರಪದದಲ್ಲಿ, ಸುರಿಯುವ ಮಳೆಯಲ್ಲಿ.

ಗುಂಡ್ಲುಪೇಟೆಯ ಒಂದು ಸಭಾಂಗಣ. ಹಾಡಿಯಿಂದ ಒಂಬತ್ತು ಜನ ಬಸ್ಸಿನಲ್ಲಿ ಬಂದಿದ್ದರು. ಊರಿನ ಪರವಾಗಿ ರುದ್ರಣ್ಣ, ಪುಸ್ತಕ ಬರೆದವನೆಂದು ಅವನ ಪಕ್ಕದಲ್ಲಿ ನಾನು. ಆ ಇಳಿಜಾರಿಗೆ ಎದುರಾಗಿ ತನ್ನ ಹೊಲದಲ್ಲಿ ಹೋಂಸ್ಟೇ ಕಟ್ಟಿಸುವ ಯೋಚನೆ ರುದ್ರಣ್ಣನಿಗಿತ್ತು. ಕಿಟಕಿ ತೆಗೆದರೆ ಗೋರಿ ಕಾಣುವ ರೂಮಿಗೆ ಯಾರು ಬತ್ತಾರಲಾ, ಎಂದು ಜೀಪಿನಲ್ಲಿ ನಗುತ್ತ ಹೇಳಿದ್ದ. ನಾನೂ ನಕ್ಕಿದ್ದೆ. ನಗದಿದ್ದರೆ ಏನಂದುಕೊಂಡಾನೋ ಎಂಬ ಚಿಂತೆಗೆ.

ವಿಚಾರಣೆ ಮಾಡಿದ ಅಧಿಕಾರಿ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

"ಅಜ್ಜಿ, ನಿಮ್ಮ ಹಿರಿಯರನ್ನ ಎಲ್ಲಿ ಮಣ್ಣು ಮಾಡಿದ್ದೀರಿ? ಜಾಗದ ಹೆಸರು ಹೇಳಿ, ಅಲ್ಲಿರೋ ಒಂದಿಬ್ಬರ ಹೆಸರು ಹೇಳಿ. ಸಾಕು, ಬರ್ಕೋತೀನಿ."

ಕೇತಜ್ಜಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು. "ರಾಗಿ ಬರ್ಲಿ ಸ್ವಾಮಿ. ಹೇಳ್ತೀನಿ."

"ರಾಗಿನಾ?"

ಮಾದೇವಿ ಎದ್ದು ನಿಂತಳು. "ಮಣ್ಣು ಹಸಿ ಇರೋವಾಗ ನಾವು ಅದನ್ನ ಬಾಯಲ್ಲಿ ಹೇಳೋದಿಲ್ಲ ಸಾರ್. ಹೊಸ ರಾಗಿ ಬಂದ್ಮೇಲೆ ಹೇಳ್ತೀವಿ. ಬೇಕಾದ್ರೆ ನಮ್ಮ ಮೇಷ್ಟ್ರನ್ನ ಕೇಳಿ. ಅವ್ರೂ ನಮ್ಮೂರೋರೆ. ಅವ್ರಿಗೆ ಗೊತ್ತು."

ರುದ್ರಣ್ಣ ಕೊಟ್ಟಿದ್ದ ಪುಸ್ತಕವನ್ನು ಅಧಿಕಾರಿ ಹದಿನಾಲ್ಕನೇ ಪುಟಕ್ಕೆ ಮಡಿಸಿಟ್ಟುಕೊಂಡಿದ್ದರು. ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಅದುವರೆಗೆ ಆ ಪುಸ್ತಕದ ಒಂದು ಸಾಲನ್ನೂ ಯಾರೂ ಗಟ್ಟಿಯಾಗಿ ಓದಿರಲಿಲ್ಲ. "ಇದು ನೀವೇ ಬರೆದಿದ್ದಲ್ವಾ? ಅಂಥ ಪದ್ಧತಿ ಇದೆಯೇನ್ರೀ ಮೇಷ್ಟ್ರೆ?"

ಹೌದು ಎಂಬುದು ಎರಡೇ ಅಕ್ಷರ. ಆ ಎರಡು ಅಕ್ಷರದ ಮುಂದೆ ನನ್ನ ತಲೆಯಲ್ಲಿ ಏನೇನು ಸಾಲುಗಟ್ಟಿ ನಿಂತವು ಗೊತ್ತೆ? ಹೌದು ಅಂದರೆ, ಗೊತ್ತಿದ್ದೂ ಸುಳ್ಳು ಬರೆದೆ ಎಂದಾಗುತ್ತದೆ. ನೋಟಿಸು ಬರಬಹುದು. ನಿವೃತ್ತಿಗೆ ಹನ್ನೊಂದು ವರ್ಷವಿದೆ. ಶಾಲು ವಾಪಸು ಕೇಳುತ್ತಾರೋ ಏನೋ. ಪಕ್ಕದಲ್ಲಿ ರುದ್ರಣ್ಣ ಕೆಮ್ಮಿದ. ನಾನು ಎದ್ದು ನಿಂತು, ಕೈಕಟ್ಟಿ ಹೇಳಿದೆ: "ಅಂಥ ಪದ್ಧತಿ ನನ್ನ ಗಮನಕ್ಕೆ ಬಂದಿರುವುದಿಲ್ಲ."

ಅಲ್ಲೂ ಇರುವುದಿಲ್ಲ.

ಮಾದೇವಿ ನನ್ನನ್ನೇ ನೋಡಿದಳು. ಒಂಬತ್ತನೇ ಕ್ಲಾಸಿನಲ್ಲಿ ಸಂವಿಧಾನದ ಪಾಠ ಮಾಡುವಾಗ ಹೀಗೇ ನೋಡುತ್ತಿದ್ದ ಹುಡುಗಿ. ಅರ್ಜಿ ಬಿದ್ದುಹೋಯಿತು, ಸಾಕ್ಷ್ಯ ಸಾಲದು ಎಂದು. ಸಂಜೆ ವಾಪಸು ಹೋಗಲು ರುದ್ರಣ್ಣನ ಜೀಪು ಹತ್ತುವುದಕ್ಕೆ ಮನಸ್ಸಾಗದೆ ಬಸ್ಸು ಹತ್ತಿದೆ. ಅದರಲ್ಲಿ ಅವರು. ಕೇತಜ್ಜಿ ಸರಿದು ಕೂತು, "ಬನ್ನಿ ಮೇಷ್ಟ್ರೆ, ನಿಂತ್ಕಬ್ಯಾಡಿ, ಕಾಲ್ ನೋಯ್ತವೆ," ಎಂದಳು. ಬೈದಿದ್ದರೆ ಇಳಿದು ಹೋಗಬಹುದಿತ್ತು. ಊರು ಬರುವವರೆಗೆ ಅವಳ ಪಕ್ಕ ಕೂತಿದ್ದೆ.

ಮರುದಿನ ಕುಂಜುಮೋನ್ ಟೀ ಕೊಡಲಿಲ್ಲ. ಪಾತ್ರೆ ಉಕ್ಕುತ್ತಿತ್ತು, ಬೇರೆಯವರಿಗೆಲ್ಲ ಕೊಟ್ಟ.

"ಏನ್ ಕುಂಜುಮೋನ್, ನಂಗೆ?"

"ಹಾಲಿಲ್ಲ."

"ಅಲ್ಲೇ ಇದೆಯಲ್ಲ."

"ನನ್ನ ಗಮನಕ್ಕೆ ಬಂದಿಲ್ಲ ಮಾಷೆ." ಬಟ್ಟೆಯಿಂದ ಬೆಂಚು ಒರೆಸುತ್ತ ಮುಂದುವರಿಸಿದ: "ನಾನ್ ಬಂದ ಮೊದ್ಲ ಮಳೇಲೇ ನಿಮ್ಮಮ್ಮ ನಂಗೆ ಹೇಳಿದ್ರು, ಹಾಡಿಯವರ ಹತ್ರ ಸತ್ತವರ ಮಾತು ಆಡ್ಬೇಡ ಅಂತ. ಬಸ್ಸಲ್ಲಿ ಬಂದೋನು ನಾನು, ನಂಗೇ ಗೊತ್ತುಂಟು. ನೀವು ಇಲ್ಲೇ ಹುಟ್ಟಿದ್ದು." ಹುಣಸೆ ತೋಪಿನ ಮುದುಕ ತನ್ನ ಗ್ಲಾಸು ಎತ್ತಿಕೊಂಡು ಆಚೆ ಬೆಂಚಿಗೆ ಹೋದ.

ನನಗೂ ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ತಿಳಿಯದೆ ಎಲ್ಲರ ಮೇಲೂ ಬಂತು. ಪುಸ್ತಕ ತೆಗೆದು ನೋಡದ ದೊಡ್ಡವರ ಮೇಲೆ. ಬೇಸಿಗೆಯಲ್ಲಿ ಬರದೆ ಮಳೆಯಲ್ಲಿ ಕರೆದವರ ಮೇಲೆ. ಶವಕ್ಕಿಂತ ಕಿಟಕಿಯ ನೋಟ ದೊಡ್ಡದು ಎಂದುಕೊಂಡ ನನ್ನ ಅಣ್ಣನ ಮೇಲೆ. ಬಾಯಿಬಿಟ್ಟು ಹೇಳಿದ್ದು ಮಾತ್ರ ಸಾಕ್ಷಿ, ಬಾಯಿ ಮುಚ್ಚಿಕೊಂಡದ್ದು ಅಜ್ಞಾನ ಎನ್ನುವ ಇಡೀ ವ್ಯವಸ್ಥೆಯ ಮೇಲೆ. ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ನಿಲ್ಲಿಸಿ ಬೈದು ಮುಗಿಸಿದ ಮೇಲೂ ಒಬ್ಬ ಉಳಿಯುತ್ತಿದ್ದ. ಕನ್ನಡಕ ಹಾಕಿಕೊಂಡು, ಕೈಕಟ್ಟಿ ನಿಂತು.

ಮಾರ್ಗಶಿರದಲ್ಲಿ ರಾಗಿ ಕೊಯ್ಲಾಯಿತು. ಒಂದು ಬೆಳಿಗ್ಗೆ ಮಾದೇವಿ ಮನೆಯ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. "ಅಜ್ಜಿ ಕರೀತಾಳೆ. ಪೆನ್ನು ತರ್ಬೇಕಂತೆ," ಎಂದು ತಿರುಗಿ ನಡೆದಳು.

ಹಾಡಿಯ ಮುಂದೆ ಸಾರಿಸಿ, ಮುತ್ತುಗದ ಎಲೆಯ ಮೇಲೆ ಹೊಸ ರಾಗಿಯ ಮುದ್ದೆ ಇಟ್ಟಿದ್ದರು. ಕೇತಜ್ಜಿ ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದಳು. ನನ್ನ ಕ್ಷಮಾಪಣೆಯನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಬಾಯಿ ತೆರೆಯಲು ಬಿಡಲಿಲ್ಲ. "ಬರ್ಕೊ," ಎಂದಳು.

ಅವಳು ಹೇಳಿದಳು, ನಾನು ಬರೆದೆ. ಹೆಸರು, ಯಾರ ಮಗ, ಯಾವ ಮರದ ಬುಡ, ಹೇಗೆ ಸತ್ತದ್ದು. ಆನೆ ತುಳಿದವರು, ಹೆರಿಗೆಯಲ್ಲಿ ಹೋದವರು, ಜೇನು ಕೀಳುವಾಗ ಜಾರಿದವರು. ಮಧ್ಯೆ ನೀರು ಕುಡಿಯಲೂ ನಿಲ್ಲಿಸಲಿಲ್ಲ. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಇದನ್ನು ಬರೆಯುತ್ತಿರುವುದು ಮಳೆಗಾಲದಲ್ಲಿ. ಇಪ್ಪತ್ತು ಮೂವತ್ತು ಹೆಸರಾದ ಮೇಲೆ ನನಗೆ ಗೊತ್ತಿರುವ ಬೇರೆ ಬೀದಿಯ ಹೆಸರುಗಳು ಬರತೊಡಗಿದವು. ಹುಣಸೆ ತೋಪಿನ ಮನೆಯ ಒಂದು ಹೆಣ್ಣುಮಗು, ವಾಂತಿಭೇದಿಯ ವರ್ಷ, ಮುಟ್ಟಲು ಯಾರೂ ಇರಲಿಲ್ಲ. ಬಂಡೆ ಉರುಳಿ ಸತ್ತ ತಮಿಳ, ಊರಿಗೆ ಒಯ್ಯಲು ದಿಕ್ಕಿರಲಿಲ್ಲ. ಆಮೇಲೆ ನಮ್ಮ ಬೀದಿಯ ಒಂದು ಹೆಸರು. ಪೆನ್ನು ನಿಂತಿತು.

"ಅಜ್ಜಿ, ಅವ್ರು ನಮ್ಮಜ್ಜನ ತಮ್ಮ. ಕಾಶಿಗೆ ಹೋದ್ರಲ್ಲ."

"ಯಾವ್ ಕಾಶಿ? ಸಿಡುಬಾಗಿ ಮೈಮೇಲೆ ಅಮ್ಮ ಎದ್ದಿದ್ಲು. ನಿಮ್ಮೋರು ಹೊಲದ ಗುಡ್ಲಿಗೆ ಹಾಕಿ ಬಾಗ್ಲಿಗೆ ಮುಳ್ಳು ಜಡ್ದ್‌ಬುಟ್ಟು ಬಂದ್ರು. ಮೂರ್ ದಿನ ಕೂಗ್ದ. ನಮ್ಮಪ್ಪ ಮುಳ್ಳು ಕಿತ್ತು ನೀರು ಬುಟ್ಟ. ಆಮೇಲೆ ಹೊತ್ಕೊಂಡ್ ಓಗಿ ನಮ್ಮೋರ ಜತೆ ಮಲಗ್ಸಿದ್ರು. ಬರ್ಕೊ, ಮತ್ತಿಮರದ ಬುಡ."

ಊರಿನ ಪರಂಪರೆ ಎಂದು ಇಪ್ಪತ್ತನಾಲ್ಕು ಪುಟ ಬರೆದಿದ್ದೆ. ಊರು ಯಾರನ್ನು ಹೊರಗೆ ಹಾಕಿತೋ ಅವರನ್ನೆಲ್ಲ ಹಾಡಿಯವರು ಹೊತ್ತುಕೊಂಡು ಹೋಗಿ ತಮ್ಮವರ ಪಕ್ಕ ಮಲಗಿಸಿದ್ದರು. ಎಲ್ಲ ಬೀದಿಯವರೂ ಒಟ್ಟಿಗಿರುವುದು ಇಡೀ ಮುತ್ತುಗಾಲದಲ್ಲಿ ಆ ಒಂದು ಇಳಿಜಾರಿನಲ್ಲಿ ಮಾತ್ರ. ಅದರ ಬಗ್ಗೆ ಮಾಹಿತಿ ಇರುವುದಿಲ್ಲ ಎಂದು ಅಚ್ಚು ಹಾಕಿಸಿ ಶಾಲು ಹೊದೆಸಿಕೊಂಡಿದ್ದೆ. ಇನ್ನು ಈ ಹೆಸರನ್ನೆಲ್ಲ ಪ್ರತಿವರ್ಷ ಎಡೆಯಿಟ್ಟು ಕರೆಯುತ್ತ ಬಂದವರು, ಒಂದು ದಿನವೂ ನಮ್ಮ ಬೀದಿಗೆ ಬಂದು ಹಂಗಿಸಿದವರಲ್ಲ.

ಸಂಜೆಯ ಹೊತ್ತಿಗೆ ಅರವತ್ತೊಂದು ಹೆಸರಾಯಿತು. ಮುಗಿಯಿತೆಂದು ಪೆನ್ನು ಮುಚ್ಚಿದೆ.

"ಇನ್ನೊಂದದೆ," ಎಂದಳು ಕೇತಜ್ಜಿ. "ಕೇತಮ್ಮ. ಗಂಡನ ಎಡಕ್ಕೆ."

"ಅಜ್ಜಿ, ಬದುಕಿರೋರ ಹೆಸರು ಇದ್ರಲ್ಲಿ ಬರೆಯೋದು ಹೇಗೆ?"

"ಯಾವ ಮಳೇಲಿ ಓಯ್ತೀನೋ ಏನೋ. ಮಳೇಲಿ ಹೋದ್ರೆ ಇವ್ರು ಬಾಯ್ ಬುಡಂಗಿಲ್ಲ. ಆಗ ಬಂದು ಕೇಳ್ತೀರಿ. ಗೊತ್ತಿಲ್ಲ ಅಂತಾರೆ. ನೀವು ಅದ್ನೇ ಬರ್ದ್‌ಬುಡ್ತೀರಿ." ಮೊದಲ ಸಲ ನನ್ನ ಕಡೆ ತಿರುಗಿದಳು. "ಈಗ್ಲೇ ಬರ್ಕೊ ಕೂಸೆ."

ಬರೆದೆ. ಅರವತ್ತೆರಡು. ಆ ಪಟ್ಟಿಯ ಕೆಳಗೆ, ಆ ಪದ್ಧತಿ ನನಗೆ ಚಿಕ್ಕಂದಿನಿಂದ ಗೊತ್ತು, ಪುಸ್ತಕದಲ್ಲಿ ಬರೆದದ್ದೂ ವಿಚಾರಣೆಯಲ್ಲಿ ಹೇಳಿದ್ದೂ ಸುಳ್ಳು ಎಂದು ಬರೆದು ಸಹಿ ಹಾಕಿ, ಮೇಲ್ಮನವಿಯ ಜೊತೆ ಚಾಮರಾಜನಗರಕ್ಕೆ ಒಯ್ದು ಕೊಟ್ಟೆ. ರುದ್ರಣ್ಣ ಅಂದಿನಿಂದ ಮಾತು ಬಿಟ್ಟಿದ್ದಾನೆ. ಮನೆತನದ ಮಾನ ಕಳೆದೆನಂತೆ. ಹೆದರಿದ್ದ ನೋಟಿಸೂ ಬಂತು, ಉತ್ತರ ಕೊಟ್ಟೆ, ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟು ಸಣ್ಣದಕ್ಕೆ ಹೆದರಿ ಅಷ್ಟು ದೊಡ್ಡದನ್ನು ಮಾಡಿದೆನಲ್ಲ ಎಂಬುದೇ ಹೊಟ್ಟೆಯಲ್ಲಿ ಉರಿಯುವುದು.

ಮೇಲ್ಮನವಿಯ ಮೇಲೆ ಆದೇಶ ಇನ್ನೂ ಆಗಿಲ್ಲ. ತಿಂಗಳಿಗೊಮ್ಮೆ ಹೋಗುತ್ತೇನೆ, ಮುಂದಿನ ತಿಂಗಳು ಬನ್ನಿ ಅನ್ನುತ್ತಾರೆ. ಮೊನ್ನೆಯೂ ಹೆಂಡತಿಯನ್ನು ಮನೆಯಲ್ಲಿಳಿಸಿ ಹಾಡಿಗೆ ಹೋದೆ. ಮಳೆಗಾಲ, ಹಾಗಾಗಿ ಆ ಮಾತು ಕೇತಜ್ಜಿಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟ ಆಯ್ತಾ ಎಂದಳು. ಆಯ್ತು ಎಂದೆ. ನಡುವೆ ಕೆಮ್ಮು ಬಂದು ಗೋಡೆ ಹಿಡಿದುಕೊಂಡಳು, ತುಂಬ ಹೊತ್ತು ಬಿಡಲಿಲ್ಲ. ಮುಂದಿನ ತಿಂಗಳು ಬನ್ನಿ ಅನ್ನುವವರಿಗೆ ನಾನು ಹೇಳುವುದು ಇಷ್ಟೆ: ಅವಳಿಗೆ ಎಂಬತ್ತು ದಾಟಿ ಎಷ್ಟೋ ವರ್ಷವಾಯಿತು, ಕೆಮ್ಮುತ್ತಿದ್ದಾಳೆ, ಮಳೆ ಜೋರಾಗಿದೆ, ಮತ್ತು ಜಾಗ ನಮಗೆ ಗೊತ್ತಿದೆ.